ಇನ್ನೂ ಕಟ್ಟದ ಮನೆಯ ಚಿತ್ರ

ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಈಗ ಮೊದಲು ಎದುರಾಗುವುವು ಇನ್ನೂ ಕಟ್ಟದಿರುವ ಮನೆಗಳು. ಹೊಲದ ಬದುವಿನಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತ ಫಲಕ. ಫಲಕದ ಮೇಲೆ ಹದಿನಾಲ್ಕು ಅಂತಸ್ತಿನ ಕಟ್ಟಡ. ಕಟ್ಟಡದ ಹಿಂದೆ ನೇರಿಳೆಗೆ ತಿರುಗಿದ ಸಂಜೆಯ ಆಕಾಶ. ಒಂದೊಂದು ಕಿಟಕಿಯಲ್ಲಿಯೂ ದೀಪ ಉರಿಯುತ್ತಿದೆ. ರಸ್ತೆಯಲ್ಲಿ ಧೂಳಿಲ್ಲ, ತಲೆಯ ಮೇಲೆ ತಂತಿಯಿಲ್ಲ, ಬೀದಿಯಲ್ಲಿ ನಾಯಿಯಿಲ್ಲ. ಹುಲ್ಲುಹಾಸಿನ ಮೇಲೆ, ಯಾವ ಸೀಮೆಯವರೆಂದು ಹೇಳಲಾಗದ ದಂಪತಿಗಳು ಮಗುವಿನ ಕೈ ಹಿಡಿದು ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾರೆ. ಫಲಕದ ಬುಡದಲ್ಲಿ ಮಾತ್ರ ರಾಗಿಯ ಕೂಳೆ, ಮಳೆನೀರು ನಿಂತ ಹೊಂಡ, ಅದರ ದಡದಲ್ಲಿ ಮೇಯುತ್ತಿರುವ ಎರಡು ಎಮ್ಮೆ. ಚಿತ್ರದಲ್ಲಿ ಕುಂದೆಂದು ಬೆರಳಿಟ್ಟು ತೋರಿಸಬಹುದಾದುದು ಏನೂ ಇಲ್ಲ. ಆದರೂ ಇಂಥದೊಂದು ಕಟ್ಟಡ ಇಂಥದೊಂದು ಜಾಗದಲ್ಲಿ ನಿಲ್ಲಬಹುದೆಂದು ಮನಸ್ಸು ಒಪ್ಪುವುದಿಲ್ಲ. ಎಮ್ಮೆಗಳನ್ನು ಒಪ್ಪುತ್ತದೆ; ಚಿತ್ರವನ್ನು ಒಪ್ಪುವುದಿಲ್ಲ.

ಇಂಥ ಚಿತ್ರಗಳಿಗೆ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ರೆಂಡರಿಂಗ್ ಎಂದು ಹೆಸರು. ಅವನ್ನು ಬರೆಯುವುದರಲ್ಲಿ ನಾನು ನನ್ನ ಆಯುಷ್ಯದ ಬಹುಭಾಗವನ್ನು ಕಳೆದಿದ್ದೇನೆ. ಮೊದಲು ಕುಂಚ ಹಿಡಿದು, ಆಮೇಲೆ ಗಣಕಯಂತ್ರದ ಮುಂದೆ ಕುಳಿತ ಹುಡುಗರ ಹಿಂದೆ ನಿಂತು. ಈ ಚಿತ್ರ ಯಾರಿಗಾಗಿ ಎಂಬುದನ್ನು ಮೊದಲು ಹೇಳಬೇಕು. ಕಟ್ಟುವವನಿಗೆ ಅದು ಬೇಕಿಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ, ಅರ್ಧಕ್ಕೆ ನಿಂತುಹೋದ ಶಿವಾಲಯವೊಂದಿದೆ. ಅದರ ಆಸುಪಾಸಿನ ಬಂಡೆಗಳ ಮೇಲೆ ಕಟ್ಟಡದ ಭಾಗಗಳ ರೇಖಾಚಿತ್ರಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ಅವು ಕಲ್ಲುಕುಟಿಗನಿಗಾಗಿ ಬರೆದವು. ಅವುಗಳಲ್ಲಿ ನೆರಳಿಲ್ಲ, ಮರವಿಲ್ಲ, ಮೋಡವಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ನಕ್ಷೆಯನ್ನು ಓದಬಲ್ಲವನಿಗೆ ಗೆರೆಗಳೇ ಸಾಕು. ರೆಂಡರಿಂಗ್ ಬೇಕಾಗುವುದು ನಕ್ಷೆಯನ್ನು ಓದಲಾರದವನಿಗೆ. ಎಂದರೆ, ಹಣ ಕೊಟ್ಟು ಆ ಮನೆಯಲ್ಲಿ ಬಾಳಬೇಕಾದವನಿಗೆ. ಅವನು ನೋಡಿ ತಿಳಿಯುವುದು ಚಿತ್ರವೊಂದರಿಂದಲೇ. ಈ ಕಾರಣದಿಂದ ಚಿತ್ರ ನಿಜದಂತೆ ಕಾಣುವುದೂ ಚಿತ್ರ ನಿಜವಾಗಿರುವುದೂ ಎರಡು ಬೇರೆ ಮಾತುಗಳೆಂದು ನಾನು ಬಹಳ ವರ್ಷ ಭಾವಿಸಿದ್ದುದು ತಪ್ಪಾಯಿತು. ಆ ತಪ್ಪನ್ನು ನನಗೆ ತೋರಿಸಿಕೊಟ್ಟವರು ಒಬ್ಬ ನಿವೃತ್ತ ಶಾಲಾ ಉಪಾಧ್ಯಾಯರು.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಸಣ್ಣ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ಮೇಷ್ಟ್ರು ಮಲೆನಾಡಿನ ಕಡೆಯ ಊರಿನಲ್ಲಿದ್ದರು. ನಿವೃತ್ತಿಯ ಹಣದಲ್ಲಿ ಬೆಂಗಳೂರಿನಲ್ಲೊಂದು ಮನೆ ಕಟ್ಟಿಸಿ, ಮಗಳಿಗೆ ಹತ್ತಿರವಾಗಿ ಇರಬೇಕೆಂದು ಅವರ ಆಸೆ. ನಿವೇಶನವನ್ನು ಅವರು ನೋಡಿದ್ದುದು ಒಂದೇ ಸಲ, ಸುತ್ತಲೂ ಬಯಲಾಗಿದ್ದಾಗ. ನಾನು ಚಿತ್ರ ಬರೆಯುವುದಕ್ಕಾಗಿ ಅಲ್ಲಿಗೆ ಹೋದಾಗ ಪಕ್ಕದ ನಿವೇಶನದಲ್ಲಿ ಪಾಯ ಮುಗಿದು ಕಂಬಗಳು ಎದ್ದಿದ್ದುವು. ಕಂಬಗಳ ತುದಿಯಲ್ಲಿ ಇನ್ನೂ ಮೇಲಕ್ಕೆ ಹೋಗುವೆವೆಂದು ಹೇಳುವ ಕಬ್ಬಿಣದ ಸರಳುಗಳು ಚಾಚಿಕೊಂಡಿದ್ದುವು. ಅವನ್ನು ನಾನು ಕಂಡೆ. ಕಂಡು, ಚಿತ್ರದಲ್ಲಿ ಬಿಟ್ಟೆ. ಅವು ಚಿತ್ರವನ್ನು ಕೆಡಿಸುತ್ತಿದ್ದುವು. ಅವುಗಳ ಜಾಗದಲ್ಲಿ ತಿಳಿಯಾದ ಆಕಾಶವನ್ನು ಜಲವರ್ಣದಲ್ಲಿ ಹರಡಿ, ಅಂಚಿನಲ್ಲಿ ಒಂದು ಗುಲ್‌ಮೊಹರಿನ ಕೊಂಬೆಯನ್ನು ತಂದು, ಮನೆಯನ್ನು ಬಯಲಿನಲ್ಲಿ ನಿಲ್ಲಿಸಿದೆ. ಚಿತ್ರ ಬಹಳ ಚೆನ್ನಾಗಿ ಬಂದಿತು. ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ಮೇಷ್ಟ್ರಿಗೆ ಅಂಚೆಯಲ್ಲಿ ಕಳುಹಿಸಿದೆವು. ಅವರು ಒಪ್ಪಿಗೆಯ ಕಾಗದ ಬರೆದು, ಒಂದೇ ಒಂದು ಬದಲಾವಣೆಯನ್ನು ಕೇಳಿದರು: ಆ ಬದಿಯ ಕೋಣೆಯ ಕಿಟಕಿಯನ್ನು ದೊಡ್ಡದು ಮಾಡಬೇಕು.

ಗೃಹಪ್ರವೇಶವಾಗಿ ಕೆಲವು ತಿಂಗಳ ಮೇಲೆ ಮೇಷ್ಟ್ರು ನನ್ನನ್ನು ಕಾಫಿಗೆ ಕರೆದರು. ನನ್ನ ಚಿತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಕಾಫಿ ಮುಗಿದ ಮೇಲೆ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅವರ ಪತ್ನಿ ಹಾಸಿಗೆ ಹಿಡಿದಿದ್ದರು. ಅವರ ಮಂಚಕ್ಕೆ ಎದುರಾಗಿ ಆ ದೊಡ್ಡ ಕಿಟಕಿ. ಕಿಟಕಿಯಿಂದ ೫ ಅಡಿ ದೂರದಲ್ಲಿ, ಮೂರು ಅಂತಸ್ತಿನ ಎತ್ತರಕ್ಕೂ, ಗಾರೆ ಕಾಣದ ಇಟ್ಟಿಗೆಯ ಕುರುಡು ಗೋಡೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಮನೆ ಚೆನ್ನಾಗಿದೆಯಪ್ಪ, ಒಂದೇ ಸಂದೇಹ. ನೀವು ಬರೆದಿದ್ದಿರಲ್ಲ, ಆ ಆಕಾಶ, ಅದು ಎಲ್ಲಿ ಹೋಯಿತು? ಇವಳು ದಿನಾ ಕೇಳುತ್ತಾಳೆ" ಎಂದರು. ಆಕೆ ನಕ್ಕರು. ನಾನು ಏನು ಹೇಳಿದೆನೋ ನೆನಪಿಲ್ಲ. ಆ ಕಂಬಗಳನ್ನು ನೋಡಿದ್ದೆನೆಂದು ಮಾತ್ರ ಹೇಳಲಿಲ್ಲ.

ಆಕಾಶದ ಮಾತು ಬಂದಾಗಲೆಲ್ಲ ನನಗೆ ಫ್ಲಾರೆನ್ಸಿನ ಬ್ರುನೆಲ್ಲೆಸ್ಕಿ ನೆನಪಾಗುತ್ತಾನೆ. ಹತ್ತಿರದ್ದು ಹಿರಿದಾಗಿ ದೂರದ್ದು ಕಿರಿದಾಗಿ, ಸಮಾಂತರವಾದ ಗೆರೆಗಳು ದಿಗಂತದ ಒಂದು ಬಿಂದುವಿನಲ್ಲಿ ಕೂಡುವಂತೆ ಬರೆಯುವ ಪರ್ಸ್ಪೆಕ್ಟಿವ್ ವಿಧಾನವನ್ನು ಹದಿನೈದನೆಯ ಶತಮಾನದ ಮೊದಲ ದಶಕಗಳಲ್ಲಿ ಲೋಕಕ್ಕೆ ತೋರಿಸಿಕೊಟ್ಟವನು ಅವನು; ಅದನ್ನು ಶಾಸ್ತ್ರವಾಗಿ ಬರೆದಿಟ್ಟವನು ಅಲ್ಬೆರ್ಟಿ, ೧೪೩೫ರಲ್ಲಿ. ಬ್ರುನೆಲ್ಲೆಸ್ಕಿ ಒಂದು ಸಣ್ಣ ಹಲಗೆಯ ಮೇಲೆ, ಊರಿನ ದೊಡ್ಡ ಇಗರ್ಜಿಯ ಬಾಗಿಲಿನಿಂದ ಕಾಣುವಂತೆ ಎದುರಿನ ಎಂಟು ಮೂಲೆಯ ಬ್ಯಾಪ್ಟಿಸ್ಟರಿಯನ್ನು ಬರೆದ. ಹಲಗೆಯಲ್ಲಿ ಒಂದು ರಂಧ್ರ. ಬರೆದ ಬದಿಯಲ್ಲಿ ಅದು ಮಸೂರದ ಕಾಳಿನಷ್ಟು ಸಣ್ಣದು. ನೋಡುವವನು ಹಿಂಬದಿಯಿಂದ ಅದಕ್ಕೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕು. ಕನ್ನಡಿ ಸರಿಸಿದರೆ ಅದೇ ಜಾಗದಲ್ಲಿ ನಿಜವಾದ ಕಟ್ಟಡ! ಆ ಹಲಗೆ ಈಗಿಲ್ಲ. ಅವನ ಚರಿತ್ರೆಯನ್ನು ಬರೆದ ಮಾನೆಟ್ಟಿ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದುದಾಗಿ ಹೇಳುತ್ತಾನೆ. ಅವನು ಹೇಳುವ ಒಂದು ವಿವರ ನನಗೆ ಉಳಿದೆಲ್ಲಕ್ಕಿಂತ ಮುಖ್ಯ. ಬ್ರುನೆಲ್ಲೆಸ್ಕಿ ಆಕಾಶವನ್ನು ಬರೆಯಲಿಲ್ಲ. ಆಕಾಶ ಇರಬೇಕಾದಲ್ಲಿ ಮಿರುಗುವ ಬೆಳ್ಳಿಯನ್ನು ಹಚ್ಚಿದ. ಆ ದಿನದ ಆಕಾಶ ಅದರಲ್ಲಿ ಬಿಂಬಿಸಬೇಕು. ಆ ದಿನದ ಗಾಳಿಗೆ ತೇಲುವ ಮೋಡ ಅದರ ಮೇಲೆ ಹಾಯಬೇಕು. ಗೋಡೆಯನ್ನೂ ಬಾಗಿಲನ್ನೂ ಅಳೆದು ಬರೆಯಬಲ್ಲವನು ಆಕಾಶವನ್ನು ತನ್ನ ಇಷ್ಟದಂತೆ ಮಾಡಲು ಒಪ್ಪಲಿಲ್ಲ. ನಾನು ಮಾಡಿದ್ದೆ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಒಂದು ಚಿತ್ರವನ್ನು ನನ್ನ ಮುಂದಿಟ್ಟಳು. ಒಂದು ಹೊಸ ಬಡಾವಣೆಯಲ್ಲಿ, ಉತ್ತರಕ್ಕೆ ಮುಖ ಮಾಡಿದ ಎರಡಂತಸ್ತಿನ ಮನೆ. "ಸಾರ್, ಮೂರು ರಾತ್ರಿ ಕೂತಿದ್ದೇನೆ. ಎಲ್ಲ ಸರಿಯಾಗಿದೆ, ಆದರೆ ನಿಜ ಅನ್ನಿಸ್ತಾ ಇಲ್ಲ. ಎಲ್ಲಿ ತಪ್ಪಿದ್ದೇನೆ ಹೇಳಿ" ಎಂದಳು. ಈಗಿನ ಗಣಕಯಂತ್ರ ಬೆಳಕಿನ ಕಿರಣಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತದೆ. ನಾವು ತಿಂಗಳುಗಟ್ಟಲೆ ಹೆಣಗಿದರೂ ಬಾರದಿದ್ದ ಗಾಜಿನ ಹೊಳಪು ಅದಕ್ಕೆ ಕ್ಷಣಮಾತ್ರದ ಕೆಲಸ. ಇಷ್ಟಿದ್ದೂ ಚಿತ್ರ ಸುಳ್ಳಾಗಿ ಕಾಣುವುದೇಕೆ? ನಾನು ಚಿತ್ರವನ್ನು ನೋಡಿದೆ. ಅಂಗಳದಲ್ಲಿ ಟಬೂಬಿಯಾ ಮರ ಒಂದೂ ಎಲೆಯಿಲ್ಲದೆ ನಸುಗೆಂಪು ಹೂವನ್ನು ಹೊತ್ತು ನಿಂತಿತ್ತು. ಮನೆಯ ಮುಂಗೋಡೆಯ ಮೇಲೆ ಎಡಗಡೆಯಿಂದ ಹೊಂಬಿಸಿಲು ಓರೆಯಾಗಿ ಬಿದ್ದಿತ್ತು. "ಇದು ಯಾವ ತಿಂಗಳಮ್ಮ?" ಎಂದು ಕೇಳಿದೆ. ಅವಳು ಹೂವನ್ನು ನೋಡಿ, "ಫೆಬ್ರವರಿ" ಎಂದಳು. "ಫೆಬ್ರವರಿಯಲ್ಲಿ ಉತ್ತರದ ಗೋಡೆಗೆ ಬಿಸಿಲು ಎಲ್ಲಿಂದ ಬಂತು?" ಎಂದೆ.

ಸೂರ್ಯನ ಲೆಕ್ಕ ಸಣ್ಣದಾದರೂ ತಿಳಿದುಕೊಳ್ಳತಕ್ಕದ್ದು. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು ೧೩ ಡಿಗ್ರಿ ಉತ್ತರಕ್ಕಿದೆ. ಸೆಪ್ಟೆಂಬರ್ ೨೩ರ ಸುಮಾರಿನಿಂದ ಮಾರ್ಚ್ ೨೧ರ ಸುಮಾರಿನವರೆಗೆ ಸೂರ್ಯ ದಕ್ಷಿಣದ ಕಡೆ ಹುಟ್ಟಿ ದಕ್ಷಿಣದ ಕಡೆಯೇ ಮುಳುಗುತ್ತಾನೆ; ಆ ಆರು ತಿಂಗಳು ಉತ್ತರದ ಗೋಡೆ ನೇರವಾದ ಬಿಸಿಲನ್ನು ಕಾಣುವುದೇ ಇಲ್ಲ. ಆಮೇಲೆ ಬೆಳಗ್ಗೆ, ಸಂಜೆ ಅದಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು. ಏಪ್ರಿಲ್ ೨೪ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಂತು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ ೧೮ರ ಸುಮಾರಿನವರೆಗೆ ನಡುಹಗಲಿನ ಸೂರ್ಯನೂ ನಮಗೆ ಉತ್ತರಕ್ಕೇ. ಇನ್ನು ಎತ್ತರದ ಮಾತು. ಡಿಸೆಂಬರಿನ ಕೊನೆಯಲ್ಲಿ ಲಂಡನ್ನಿನ ನಡುಹಗಲ ಸೂರ್ಯ ದಿಗಂತದಿಂದ ೧೫ ಡಿಗ್ರಿ ಮೇಲೇರಿದರೆ ಅದೇ ಹೆಚ್ಚು. ನಿಂತ ಮನುಷ್ಯನ ನೆರಳು ಅವನ ಮೂರೂವರೆ ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಸೂರ್ಯ ೫೩ ಡಿಗ್ರಿಯ ಮೇಲಿರುತ್ತಾನೆ. ನೆರಳು ಮನುಷ್ಯನ ಮುಕ್ಕಾಲು ಭಾಗ. ನಮ್ಮ ಹುಡುಗರು ಮಾದರಿಗಾಗಿ ನೋಡುವ ಚಿತ್ರಗಳಲ್ಲಿ ಬಹುಪಾಲು ಉತ್ತರ ಯೂರೋಪಿನವು. ಅಲ್ಲಿ ಗಂಟೆಗಟ್ಟಲೆ ನಿಲ್ಲುವ ಆ ಓರೆ ಬಿಸಿಲನ್ನು ಇವರು ತಂದು ಇಲ್ಲಿಯ ಗೋಡೆಗೆ ಬಳಿಯುತ್ತಾರೆ. ಹೀಗೆಯೇ ಸಂಜೆಯ ನೀಲಿ ಬೆಳಕು. ಲಂಡನ್ನಿನ ಬೇಸಗೆಯಲ್ಲಿ ಮುಸ್ಸಂಜೆ ಮುಕ್ಕಾಲು ಗಂಟೆ ಎಳೆಯುತ್ತದೆ. ನಮ್ಮಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ನೋಡುವವನಿಗೆ ಈ ಲೆಕ್ಕ ತಿಳಿಯದು, ನಿಜ. ಆದರೆ ಅವನು ಈ ಬಿಸಿಲಿನಲ್ಲಿ ಹುಟ್ಟಿ ಬೆಳೆದವನು. ಅವನ ಬುದ್ಧಿ ಗುರುತಿಸದ ತಪ್ಪನ್ನು ಅವನ ಮೈ ಗುರುತಿಸುತ್ತದೆ.

ಬಿಸಿಲಿನ ಬೆನ್ನಿಗೆ ನೆರಳು. ನೆರಳೆಂದರೆ ಕಪ್ಪು ಎಂದು ತಿಳಿದವನು ಚಿತ್ರಗಾರನಲ್ಲ. ಬಯಲಿನಲ್ಲಿ ಬಿದ್ದ ನೆರಳಿಗೆ ಆಕಾಶದ ನೀಲಿ ತುಂಬಿಕೊಂಡಿರುತ್ತದೆ. ಸಜ್ಜಾದ ಅಡಿಭಾಗವನ್ನು ನೋಡಿ. ಅಲ್ಲಿಗೆ ಆಕಾಶ ಮುಟ್ಟದು, ಅಂಗಳದ ಕೆಮ್ಮಣ್ಣಿನಿಂದ ಪುಟಿದು ಬಂದ ಬೆಳಕು ಮುಟ್ಟುತ್ತದೆ. ನಮ್ಮ ಬಯಲುಸೀಮೆಯ ಮನೆಗಳ ಸಜ್ಜಾಗಳ ಕೆಳಗೆ ಹೊತ್ತೇರಿದ ಮೇಲೆ ಒಂದು ನಸುಗೆಂಪು ಕಾಣುವುದು ಇದರಿಂದ. ಅಂಗಳಕ್ಕೆ ಸಿಮೆಂಟು ಹಾಕಿಸಿದೊಡನೆ ಆ ಬಣ್ಣ ಹೋಗುತ್ತದೆ. ನೆರಳಿನ ಅಂಚೂ ಹಾಗೆಯೇ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಗಲದ ಬಿಲ್ಲೆ. ಆದುದರಿಂದ ೧೦ ಅಡಿ ಮೇಲಿರುವ ಸಜ್ಜಾದ ನೆರಳಿನ ಅಂಚು ಒಂದು ಅಂಗುಲಕ್ಕೆ ಮಿಕ್ಕಿ ಮಸುಕಾಗಿರುತ್ತದೆ. ಹೊಸ್ತಿಲಿನ ನೆರಳು ಹೊಸ್ತಿಲಿನ ಬುಡದಲ್ಲಿ ಕತ್ತರಿಸಿದಂತಿರುತ್ತದೆ. ಎರಡನ್ನೂ ಒಂದೇ ಹರಿತದಲ್ಲಿ ಬರೆದರೆ ಮನೆ ರಟ್ಟಿನ ಆಟಿಕೆಯಾಗುತ್ತದೆ. ಹೊಂಗೆಯ ಮರದ ಕೆಳಗೆ ಬಿದ್ದ ಬಿಸಿಲ ಚುಕ್ಕೆಗಳನ್ನು ಎಲೆಗಳ ಸಂದಿನ ಆಕಾರದಲ್ಲಿ ಬರೆಯುವವರಿದ್ದಾರೆ. ನೆಲಕ್ಕೆ ಬಗ್ಗಿ ನೋಡಿದರೆ ಅವು ಬಹುಮಟ್ಟಿಗೆ ದುಂಡು ದುಂಡು ಕಾಸುಗಳು. ಒಂದೊಂದೂ ಸೂರ್ಯನ ಬಿಂಬ. ಗ್ರಹಣದ ದಿನ ಅವೆಲ್ಲವೂ ಕುಡುಗೋಲಾಗುವುದನ್ನು ನಾನು ಮಕ್ಕಳೊಡನೆ ನಿಂತು ನೋಡಿದ್ದೇನೆ.

ಬಿಳುಪಿನ ವಿಚಾರದಲ್ಲಿ ಎಲ್ಲ ಹೊಸಬರೂ ಎಡವುತ್ತಾರೆ. ಹೊಸದಾಗಿ ಸುಣ್ಣ ಬಳಿದ ಗೋಡೆಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರ ಆಸುಪಾಸನ್ನು ಮಾತ್ರ ಹಿಂದಕ್ಕೆ ಕೊಡುತ್ತದೆ. ಯಂತ್ರದಲ್ಲಿ ಪೂರ್ಣ ಬಿಳುಪನ್ನು ಆರಿಸಿಕೊಂಡರೆ ಗೋಡೆ ತಾನೇ ಬೆಳಗುವ ಕಾಗದದ ಲಾಂದ್ರದಂತಾಗಿ, ಅದರ ಮೇಲಿನ ಗಾರೆಯ ಏರುತಗ್ಗು ಅಳಿಸಿಹೋಗುತ್ತದೆ. ಇನ್ನು ಕಿಟಕಿ. ಉರಿಬಿಸಿಲಿನಲ್ಲಿ ಹೊರಗಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಕೋಣೆಯೊಳಗೆ ಕೆಲವು ನೂರು. ಹೀಗಿರುವಾಗ ಹಗಲಿನಲ್ಲಿ ಬೀದಿಯಿಂದ ನೋಡಿದರೆ ಕಿಟಕಿಯೆಂಬುದು ಕಪ್ಪಾದ ಚೌಕ. ಗಾಜನ್ನು ನೇರವಾಗಿ ನೋಡಿದರೆ ನೂರಕ್ಕೆ ಎಂಟರಷ್ಟು ಮಾತ್ರ ಪ್ರತಿಬಿಂಬ. ಓರೆಯಾಗಿ ನೋಡುತ್ತ ಹೋದಂತೆ ಪ್ರತಿಬಿಂಬ ಏರಿ, ಕೊನೆಗೆ ಗಾಜು ಕನ್ನಡಿಯೇ ಆಗಿಬಿಡುತ್ತದೆ. ಹಾಗಿದ್ದರೆ ಅದರಲ್ಲಿ ಏನು ಬಿಂಬಿಸಬೇಕು? ಎದುರು ಮನೆ. ಎದುರು ಮನೆಯನ್ನು ಯಾರೂ ಯಂತ್ರದೊಳಗೆ ಕಟ್ಟಿರುವುದಿಲ್ಲ. ಆದುದರಿಂದ ಅಲ್ಲಿ ಯಾವುದೋ ದೇಶದ ಸಿದ್ಧ ಆಕಾಶ ಹೊಳೆಯುತ್ತಿರುತ್ತದೆ. ನನ್ನ ವಿದ್ಯಾರ್ಥಿನಿಯ ಚಿತ್ರದಲ್ಲಿಯೂ ಅದೇ ಆಗಿತ್ತು. ಕಿಟಕಿಯ ಗಾಜಿನಲ್ಲಿ ಪೈನ್ ಮರಗಳ ಸಾಲೊಂದು ಮಸುಕಾಗಿ ಕಾಣುತ್ತಿತ್ತು. ಅವಳೂ ಅದನ್ನು ಅಂದೇ ಮೊದಲು ನೋಡಿದುದು.

ಕೊಳೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಮುಂಗಾರಿನ ಮೊದಲ ಮಳೆಗೆ ಗೋಡೆಯ ಬುಡದಲ್ಲಿ ಒಂದಡಿ ಎತ್ತರಕ್ಕೆ ಕೆಸರು ಸಿಡಿಯುತ್ತದೆ; ಕಿಟಕಿಯ ಕೆಳಗಿನ ಎರಡು ಮೂಲೆಗಳಿಂದ ನೀರಿಳಿದ ಗೆರೆಗಳು ಹುಟ್ಟುತ್ತವೆ. ಗೃಹಪ್ರವೇಶದ ದಿನದ ಚಿತ್ರದಲ್ಲಿ ಇವು ಬೇಡ. ಆದರೆ ಇಟ್ಟಿಗೆಯ ಒಂದೇ ತುಂಡು ಚಿತ್ರವನ್ನು ಹತ್ತು ಸಲ ಜೋಡಿಸಿ ಗೋಡೆ ಮಾಡಿದರೆ ಹತ್ತು ಸಲವೂ ಅದೇ ಜಾಗದಲ್ಲಿ ಅದೇ ಸೀಳು ಕಾಣುತ್ತದೆ. ಮರವೊಂದನ್ನು ನಕಲು ಮಾಡಿ ಸಾಲಾಗಿ ನಿಲ್ಲಿಸಿದರೂ ಹಾಗೆಯೇ. ಸ್ವಲ್ಪ ತಿರುಗಿಸಿ, ಸ್ವಲ್ಪ ಹಿಗ್ಗಿಸಿ ಕುಗ್ಗಿಸುವಷ್ಟು ತಾಳ್ಮೆಯಾದರೂ ಬೇಡವೇ? ಯಂತ್ರ ಮಾಡುವ ಗೋಡೆಯ ಮೂಲೆ ಚೂರಿಯಂತೆ ಹರಿತ. ಮೇಸ್ತ್ರಿಯ ಕರಣೆ ಮಾಡಿದ ಮೂಲೆ ಕಿಂಚಿತ್ತು ದುಂಡಗಿದ್ದು, ಆ ದುಂಡಿನ ಮೇಲೆ ಬೆಳಕಿನ ಒಂದು ಎಳೆ ನಿಲ್ಲುತ್ತದೆ. ಆ ಎಳೆಯಿಂದ ಮನೆಗೆ ತೂಕ ಬರುತ್ತದೆ.

ಇವನ್ನೆಲ್ಲ ಪುಸ್ತಕದಿಂದ ಕಲಿಯಲಾಗದು. ನಾನು ಕಲಿಸುತ್ತಿದ್ದ ದಿನಗಳಲ್ಲಿ ಹುಡುಗರನ್ನು ವಿಧಾನಸೌಧದ ಎದುರಿಗೆ ಕರೆದುಕೊಂಡು ಹೋಗಿ, ಒಂದೇ ಜಾಗದಲ್ಲಿ ಮೂರು ಹೊತ್ತು ಕೂರಿಸುತ್ತಿದ್ದೆ. ೧೯೫೬ರಲ್ಲಿ ಮುಗಿದ ಆ ಸೌಧದ ದೊಡ್ಡ ಮೆಟ್ಟಿಲುಗಳಿರುವ ಮುಖ ಪೂರ್ವಕ್ಕಿದೆ. ಬೆಳಗ್ಗೆ ಎಂಟು ಗಂಟೆಗೆ ಅದರ ಬೂದುಗಲ್ಲು ಹೊನ್ನಿನಂತಿರುತ್ತದೆ. ಕಂಬಗಳ ನೆರಳು ಹಿಂದಿನ ಗೋಡೆಯ ಮೇಲೆ ಬಿದ್ದು ಕಂಬಗಳು ದುಂಡಗೆ ತೋರುತ್ತವೆ. ಹನ್ನೆರಡಕ್ಕೆ ಎಲ್ಲವೂ ಬೂದಿ. ಸಂಜೆ ನಾಲ್ಕಕ್ಕೆ ಮುಂಭಾಗ ಸಂಪೂರ್ಣ ನೆರಳಿನಲ್ಲಿದ್ದು, ಎದುರಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡ ಬೆಳಗುತ್ತಿರುತ್ತದೆ. ಒಂದೇ ಕಲ್ಲಿಗೆ ಮೂರು ಬಣ್ಣಗಳನ್ನು ಬೆರೆಸಿಕೊಂಡ ಹುಡುಗ ಮತ್ತೆಂದೂ "ಗ್ರಾನೈಟಿನ ಬಣ್ಣ ಯಾವುದು ಸಾರ್?" ಎಂದು ಕೇಳುತ್ತಿರಲಿಲ್ಲ.

ಈಗ ಸಂಯೋಜನೆ. ಎಲ್ಲಿ ನಿಂತು ನೋಡಬೇಕೆಂಬುದೇ ಅದರಲ್ಲಿ ಅರ್ಧ. ನಿಂತ ಮನುಷ್ಯನ ಕಣ್ಣು ನೆಲದಿಂದ ೫ ಅಡಿಗೆ ಸ್ವಲ್ಪ ಮೇಲಿರುತ್ತದೆ. ಚಿತ್ರದ ದಿಗಂತವೂ ಅಲ್ಲಿಯೇ ಇರಬೇಕು. ಆಗ ಸಮನೆಲದ ಮೇಲೆ ನಿಂತ ದೊಡ್ಡವರೆಲ್ಲರ ತಲೆ, ಹತ್ತಿರದವರದೂ ದೂರದವರದೂ, ಹೆಚ್ಚುಕಡಿಮೆ ದಿಗಂತದ ಒಂದೇ ಗೆರೆಗೆ ಬರುತ್ತದೆ. ಬದಲಾಗುವುದು ಪಾದಗಳ ಜಾಗ ಮಾತ್ರ. ಚಿತ್ರದೊಳಕ್ಕೆ ಅಂಟಿಸಿದ ಮನುಷ್ಯರು ಗಾಳಿಯಲ್ಲಿ ತೇಲುವಂತೆ ಕಾಣುವುದಕ್ಕೆ ಈ ನಿಯಮವನ್ನು ಮರೆತುದೇ ಬಹುಮಟ್ಟಿಗೆ ಕಾರಣ. ಗೋಡೆಯ ನಿಲುವುಗೆರೆಗಳು ನಿಲುವಾಗಿಯೇ ಇರಬೇಕು. ಕ್ಯಾಮರಾವನ್ನು ಮೇಲಕ್ಕೆ ಎತ್ತಿದರೆ ಮನೆ ಹಿಂದಕ್ಕೆ ವಾಲುತ್ತದೆ. ಚಿತ್ರಗಾರ ರಸ್ತೆಯ ಆಚೆಯ ಮನೆಯೊಳಕ್ಕೆ ಹಿಂದೆ ಸರಿದು ನಿಲ್ಲಲಾರ ಎಂಬುದೂ ನೆನಪಿರಬೇಕು. ೩೦ ಅಡಿ ರಸ್ತೆಯಲ್ಲಿರುವ ಮನೆಯನ್ನು ೨೦೦ ಅಡಿ ದೂರದಿಂದ ನೋಡಿದಂತೆ ಬರೆಯುವುದು ಯಂತ್ರಕ್ಕೆ ಸುಲಭ, ಏಕೆಂದರೆ ಅದು ಎದುರು ಸಾಲನ್ನು ಕೆಡವಿಹಾಕಿರುತ್ತದೆ. ಹಾಗೆಂದು ಇಕ್ಕಟ್ಟಿನಲ್ಲಿ ನಿಂತು ಅತಿ ಅಗಲದ ಲೆನ್ಸ್ ಹಾಕಿದರೆ ಪೋರ್ಟಿಕೋ ಹಡಗಿನ ಮೂತಿಯಂತೆ ಚಾಚಿಕೊಳ್ಳುತ್ತದೆ. ೨೪ರಿಂದ ೩೫ ಮಿಲಿಮೀಟರಿನ ಒಳಗೆ ಇರುವುದು ಕ್ಷೇಮ.

ಉಳಿದರ್ಧ, ಹಾಳೆಯಲ್ಲಿ ಯಾವುದಕ್ಕೆ ಜಾಗ ಬಿಡಬೇಕೆಂಬುದು. ಇದರಲ್ಲಿ ನನಗೆ ಗುರುವಾದವಳು ಮ್ಯಾರಿಯನ್ ಮಹೋನಿ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟನ ಕಚೇರಿಯಲ್ಲಿ ಬಹಳ ಕಾಲ ಇದ್ದು, ಅವನ ಕಟ್ಟಡಗಳ ಚಿತ್ರಗಳನ್ನು ಬರೆದವಳು. ೧೯೧೦ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಗಿ ಯೂರೋಪಿನಲ್ಲಿ ರೈಟನಿಗೆ ಹೆಸರು ತಂದ ಚಿತ್ರಸಂಪುಟದಲ್ಲಿ ಅವಳ ಕೈ ದೊಡ್ಡದು. ಸರೋವರದ ಕಡಿದಾದ ದಡದ ಮೇಲೆ ನಿಂತ ಹಾರ್ಡಿ ಮನೆಯ ಚಿತ್ರವನ್ನು ನೋಡಬೇಕು. ಉದ್ದನೆಯ ಕಿರಿದಾದ ಹಾಳೆ. ಮನೆ ಹಾಳೆಯ ನೆತ್ತಿಯಲ್ಲಿ. ಕೆಳಗೆ ಬಹುಭಾಗ ಬರಿದು. ಜಪಾನೀ ಚಿತ್ರಗಳಿಂದ ಕಲಿತ ಧೈರ್ಯ ಅದು. ಆ ಬರಿದಿನಿಂದಲೇ ದಿಣ್ಣೆಯ ಎತ್ತರ ನಮಗೆ ತಿಳಿಯುತ್ತದೆ. ಮನೆಯನ್ನು ಹಾಳೆಯ ತುಂಬ ತುಂಬಿದ್ದರೆ ಮನೆ ಕಾಣುತ್ತಿತ್ತು, ಮನೆ ಇರುವ ಜಾಗ ಕಾಣುತ್ತಿರಲಿಲ್ಲ. ಈಕೆ ಮುಂದೆ ವಾಲ್ಟರ್ ಗ್ರಿಫಿನ್ನನನ್ನು ಮದುವೆಯಾದಳು. ಅವನು ೧೯೧೨ರಲ್ಲಿ ಆಸ್ಟ್ರೇಲಿಯದ ರಾಜಧಾನಿಯ ಸ್ಪರ್ಧೆಯನ್ನು ಗೆದ್ದಾಗ ಕಳುಹಿಸಿದ್ದ ಚಿತ್ರಗಳು ಅವಳವು. ಕೊನೆಗೆ ಇಬ್ಬರೂ ಲಖನೌಗೆ ಬಂದಿದ್ದರು. ಅವನು ೧೯೩೭ರಲ್ಲಿ ಅಲ್ಲಿಯೇ ತೀರಿಕೊಂಡ. ಇವಳ ಹೆಸರನ್ನು ನಮ್ಮ ಕಾಲೇಜುಗಳಲ್ಲಿ ಹೇಳುವವರು ಕಡಮೆ.

ಹ್ಯೂ ಫೆರಿಸ್ ಬೇರೆ ಜಾತಿಯವನು. ನ್ಯೂಯಾರ್ಕಿನಲ್ಲಿ ಬೀದಿಗೆ ಬೆಳಕು ಬೀಳಲೆಂದು, ಕಟ್ಟಡಗಳು ಎತ್ತರ ಹೋದಂತೆ ಹಿಂದಕ್ಕೆ ಸರಿಯಬೇಕೆಂದು ೧೯೧೬ರಲ್ಲಿ ಕಾನೂನಾಯಿತು. ಆ ಕಾನೂನಿನಿಂದ ಹುಟ್ಟುವ ಆಕಾರ ಎಂಥದೆಂಬುದನ್ನು ೧೯೨೨ರಲ್ಲಿ ಅವನು ಇದ್ದಿಲಿನಲ್ಲಿ ಬರೆದು ತೋರಿಸಿದ. ಕತ್ತಲೆಯಿಂದ ಒರಸಿ ತೆಗೆದ ಪರ್ವತಗಳಂತಿವೆ ಅವು. ಕಿಟಕಿಯಿಲ್ಲ, ಬಾಗಿಲಿಲ್ಲ. ವಿವರಗಳನ್ನು ಬಿಟ್ಟು ನಂಬಿಕೆ ಹುಟ್ಟಿಸುವ ವಿದ್ಯೆ ಅವನಿಗೆ ತಿಳಿದಂತೆ ಇನ್ನೊಬ್ಬರಿಗೆ ತಿಳಿಯದು. ಆದರೂ ಆ ಬೀದಿಯಲ್ಲಿ 'ನಾನು ಎಲ್ಲಿ ನಡೆಯಲಿ?' ಎಂದು ಚಿತ್ರವನ್ನು ಕೇಳಿದರೆ ಉತ್ತರ ಸಿಗುವುದಿಲ್ಲ.

ಬಿಡುವುದು ಎಂದೆ. ಮಹೋನಿ ಬಿಟ್ಟಳು, ಫೆರಿಸ್ ಬಿಟ್ಟ, ನಾನೂ ಬಿಟ್ಟೆ. ಬಿಡದೆ ಯಾವ ಚಿತ್ರವೂ ಆಗುವುದಿಲ್ಲ. ಹಾಗಾದರೆ ನಾನು ಕಂಬಗಳನ್ನು ಬಿಟ್ಟುದರಲ್ಲಿ ತಪ್ಪೇನು? ಬಹಳ ದಿನ ಯೋಚಿಸಿ ನಾನು ಮಾಡಿಕೊಂಡಿರುವ ವ್ಯವಸ್ಥೆ ಇಷ್ಟೇ. ನಾಳೆ ಅಲ್ಲಿ ಇಲ್ಲದೆ ಹೋಗಬಹುದಾದುದನ್ನು ಬಿಡಬಹುದು: ನಿಂತ ಲಾರಿ, ಮರಳಿನ ಗುಡ್ಡೆ, ಒಣಗಿಸಿದ ಬಟ್ಟೆ. ಮನೆಯವನು ದಿನವೂ ನೋಡಬೇಕಾದುದನ್ನು ಬಿಡಬಾರದು: ಪಕ್ಕದ ಗೋಡೆ, ಬಾಗಿಲಿನ ಎದುರಿನ ಟ್ರಾನ್ಸ್‌ಫಾರ್ಮರ್, ಮೋರಿ. ತಂತಿಗಳ ವಿಷಯದಲ್ಲಿ ನನಗೆ ಇನ್ನೂ ನಿರ್ಧಾರವಿಲ್ಲ. ಒಮ್ಮೊಮ್ಮೆ ಬರೆಯುತ್ತೇನೆ, ಒಮ್ಮೊಮ್ಮೆ ಬಿಡುತ್ತೇನೆ. ೨೦೧೬ರಲ್ಲಿ ಬಂದ ರಿಯಲ್ ಎಸ್ಟೇಟ್ ಕಾಯಿದೆಯ ೧೨ನೆಯ ಕಲಮು, ಜಾಹೀರಾತಿನಲ್ಲಿ ಕೊಟ್ಟ ತಪ್ಪು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವರಿಗೆ ಪರಿಹಾರ ಸಿಗಬೇಕೆಂದು ಹೇಳುತ್ತದೆ. ಅದಕ್ಕೆ ಉತ್ತರವಾಗಿಯೋ ಏನೋ, ಫಲಕಗಳ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಇದು ಕಲಾವಿದನ ಕಲ್ಪನೆ' ಎಂದು ಬರೆದಿರುತ್ತಾರೆ. ಅದನ್ನು ಓದಿದಾಗ ನಮ್ಮ ಕಸಬಿನ ಬಗೆಗೆ ನಾಚಿಕೆಯಾಗುತ್ತದೆ. ಆಕಾಶವನ್ನು ಮಾರಿದವನು ಬೇರೆ, ಹೊಣೆ ಹೊರಬೇಕಾದವನು ಕಲಾವಿದ.

ನನ್ನ ವಿದ್ಯಾರ್ಥಿನಿ ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡು ಹೋದಳು. ಟಬೂಬಿಯಾ ಹೋಯಿತು, ನಿವೇಶನದ ಮುಂದೆ ನಿಜವಾಗಿಯೇ ಇದ್ದ ಹೊಂಗೆ ಬಂತು. ಯಂತ್ರಕ್ಕೆ ಊರಿನ ಅಕ್ಷಾಂಶವನ್ನೂ ಮೇ ತಿಂಗಳ ಮೊದಲ ವಾರವನ್ನೂ ಸಂಜೆ ನಾಲ್ಕು ಗಂಟೆಯನ್ನೂ ಕೊಟ್ಟಳು. ಎದುರು ಸಾಲಿನ ಮನೆಗಳನ್ನು ಬರಿಯ ಪೆಟ್ಟಿಗೆಗಳಂತೆ ಕಟ್ಟಿ ನಿಲ್ಲಿಸಿದಳು, ಕಿಟಕಿಯ ಗಾಜಿಗಾಗಿ. ಪಶ್ಚಿಮದ ಪಕ್ಕದಲ್ಲಿ, ರಸ್ತೆಯತ್ತ ನಾಲ್ಕಡಿ ಮುಂದೆ ಚಾಚಿಕೊಂಡಿರುವ ನಾಲ್ಕಂತಸ್ತಿನ ಕಟ್ಟಡವನ್ನೂ ನಿಲ್ಲಿಸಿದಳು. ಒಡನೆಯೇ ಆ ಕಟ್ಟಡದ ನೆರಳು ಬಂದು ಮನೆಯ ಮುಂಭಾಗದ ಬಹುಪಾಲನ್ನು ಮುಚ್ಚಿಬಿಟ್ಟಿತು. ಪೂರ್ವದ ಮೂಲೆಯಲ್ಲಿ, ಟೆರೇಸಿನ ಮೇಲಿನ ಮೆಟ್ಟಿಲ ಕೋಣೆಯ ತುದಿಯಲ್ಲಿ ಮಾತ್ರ ಬಿಸಿಲು ಉಳಿಯಿತು. ಚಿತ್ರ ಮೊದಲಿನಷ್ಟು ಅಂದವಾಗಿರಲಿಲ್ಲ. ಆದರೆ ಅದನ್ನು ನೋಡಿದೊಡನೆ ಆ ಬೀದಿಯ ಸೆಖೆ ತಾಗಿದಂತಾಯಿತು.

ಮನೆ ಕಟ್ಟಿಸುವವರಿಗೆ ತೋರಿಸುವ ದಿನ ನನ್ನನ್ನೂ ಕರೆದುಕೊಂಡು ಹೋದಳು. ಯಜಮಾನರು ಗೇಟಿನ ಬಣ್ಣದ ಬಗೆಗೆ ಏನೋ ಹೇಳುತ್ತಿದ್ದರು. ಅವರ ತಾಯಿ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಹಿಂದಿನ ಚಿತ್ರವನ್ನು ಅವರು ನೋಡಿ, "ಚೆನ್ನಾಗಿದೆ" ಎಂದು ಪಕ್ಕಕ್ಕಿಟ್ಟಿದ್ದರಂತೆ. ಈ ಸಲ ನೆರಳಿನ ಮೇಲೆ ಬೆರಳಿಟ್ಟು, "ಇದು ಪಕ್ಕದವರ ಮನೇದಾ?" ಎಂದು ಕೇಳಿದರು.

"ಹೌದಮ್ಮ, ಬೇಸಗೆಯಲ್ಲಿ ನಾಲ್ಕು ಗಂಟೆಗೆ ಹೀಗೆ ಬೀಳುತ್ತದೆ."

"ಹಾಗಾದರೆ ಮೇಲೆ ಟೆರೇಸಿನಲ್ಲೂ ಬಿದ್ದಿರುತ್ತದಲ್ಲ? ಮಧ್ಯಾಹ್ನ ಕಳೆದ ಮೇಲೆ ಅಲ್ಲಿ ಬಿಸಿಲೇ ಇಲ್ಲ ಅನ್ನು. ಬೆಳಗಿನ ಬಿಸಿಲು ಬರೋದು ಈ ಕಡೆಯಿಂದ. ಆ ಕಡೇನೇ ನೀವು ಮೆಟ್ಟಿಲ ಕೋಣೆ ಇಟ್ಟಿದ್ದೀರಿ. ಹಪ್ಪಳ ಸಂಡಿಗೆ ನಾನು ಎಲ್ಲಿ ಒಣಗಿಸಲಿ?"

ಯಾರೂ ಮಾತಾಡಲಿಲ್ಲ. ವಾಸ್ತುಶಿಲ್ಪಿ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಪೆನ್ಸಿಲ್ ತೆಗೆದರು. ಮೆಟ್ಟಿಲ ಕೋಣೆ ಪೂರ್ವದ ಮೂಲೆಯನ್ನು ಬಿಟ್ಟು, ಹೇಗೂ ನೆರಳಿನಲ್ಲಿರುವ ಪಶ್ಚಿಮಕ್ಕೆ ಸರಿಯಿತು. ನೀರಿನ ಟ್ಯಾಂಕು ಅದರ ಮೇಲೆ ಏರಿತು. ಅದರಿಂದ ಮುಂಭಾಗದ ರೂಪವೇ ಬದಲಾಗಿ, ಹುಡುಗಿ ಚಿತ್ರವನ್ನು ಮೂರನೆಯ ಸಲ ಮೊದಲಿನಿಂದ ಮಾಡಬೇಕಾಯಿತು.